ಎಆರ್ ಆಟ ಕೊಡುವುದಾದರೆ ಮಕ್ಕಳನ್ನು ಕೆರೆ ಏರಿಗೆ ಕಳಿಸಿ: ಶಾಲಾ ಶಿಕ್ಷಣ ಇಲಾಖೆಗೆ ಒಂದು ಬಹಿರಂಗ ಪತ್ರ

ಮಾನ್ಯ ಶಾಲಾ ಶಿಕ್ಷಣ ಸಚಿವರಿಗೆ, ಇಲಾಖೆಯ ಅಧಿಕಾರಿಗಳಿಗೆ, ಡಿಎಸ್‌ಇಆರ್‌ಟಿಯಲ್ಲಿ ನಮ್ಮ ಮಕ್ಕಳಿಗಾಗಿ ಪಾಠ ಬರೆಯುವ ಎಲ್ಲರಿಗೂ ನಮಸ್ಕಾರ.

ನಾನು ಕೋಲಾರ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಕೇಳಬೇಕಾದ್ದನ್ನು ಮೊದಲೇ ಕೇಳಿಬಿಡುತ್ತೇನೆ. ಆಗ್ಮೆಂಟೆಡ್ ರಿಯಾಲಿಟಿ, ಅಂದರೆ ಎಲ್ಲರೂ ಎಆರ್ ಅನ್ನುತ್ತಾರಲ್ಲ, ಫೋನಿನಲ್ಲಿ ನೋಡಿದರೆ ಎದುರಿನ ಜಾಗದ ಮೇಲೆ ಚಿತ್ರವನ್ನೋ ಮಾಹಿತಿಯನ್ನೋ ಸೇರಿಸಿ ತೋರಿಸುವ ತಂತ್ರ, ಅದಕ್ಕೆ ಶಾಲೆಗಳಲ್ಲಿ ದುಡ್ಡು ಹಾಕುವುದಾದರೆ ದಯವಿಟ್ಟು ಅದನ್ನು ಒಂದು ಕೋಣೆಯೊಳಗೆ ಇಟ್ಟು ಬೀಗ ಹಾಕಬೇಡಿ. ಮೊಬೈಲಲ್ಲಿ ಆಡುವ ಆಟವಾಗಿ ಕೊಡಿ. ಆ ಆಟ ಮಕ್ಕಳನ್ನು ಶಾಲೆಯ ಗೇಟಿನಿಂದ ಆಚೆ ಕರೆದುಕೊಂಡು ಹೋಗಲಿ. ಅವರ ಊರಿನ ಕೆರೆ, ಕೆರೆಯಿಂದ ಗದ್ದೆಗೆ ನೀರು ಬಿಡುವ ತೂಬು, ವೀರಗಲ್ಲು, ಸಂತೆ, ಇವುಗಳ ಮುಂದೆ ನಿಲ್ಲಿಸಲಿ.

ಈಗ ಯಾಕೆ ಬರೆಯುತ್ತಿದ್ದೇನೆ ಅಂದರೆ, ಎಆರ್ ಕಿಟ್ ಮಾರುವವರು ಶಾಲೆ ಶಾಲೆಗೂ ಬರುತ್ತಿದ್ದಾರೆ. ನಮ್ಮಲ್ಲಿಗೂ ಒಂದು ಕಂಪನಿಯವರು ಬಂದಿದ್ದರು. ಮೇಜಿನ ಮೇಲೆ ಒಂದು ಕಾರ್ಡ್ ಇಟ್ಟರು, ಮೇಲೆ ಟ್ಯಾಬ್ ಹಿಡಿದರು. ಕಾರ್ಡಿನಿಂದ ಹೃದಯವೊಂದು ಎದ್ದು ನಿಂತು ಬಡಿದುಕೊಳ್ಳತೊಡಗಿತು. ಆಮೇಲೆ ಜ್ವಾಲಾಮುಖಿ, ಆಮೇಲೆ ಡೈನೋಸಾರ್. ಮಕ್ಕಳಿಗೆ ಖುಷಿಯಾಯಿತು, ನನಗೂ ಆಯಿತು, ಸುಳ್ಳು ಹೇಳುವುದಿಲ್ಲ. ಆದರೆ ಆ ಹೃದಯಕ್ಕೂ ನಮ್ಮ ಮೇಜಿಗೂ ಏನು ಸಂಬಂಧ? ಅದನ್ನು ಟಿವಿಯಲ್ಲಿ ತೋರಿಸಿದ್ದರೂ ಅಷ್ಟೇ ತಿಳಿಯುತ್ತಿತ್ತು. ಮಗು ಬೆರಳಿನಿಂದ ತಿರುಗಿಸಿ ನೋಡುತ್ತದೆ, ಅಲ್ಲಿಗೆ ಮುಗಿಯಿತು. ಹುಡುಕುವುದು ಏನೂ ಇಲ್ಲ. ತೀರ್ಮಾನ ಮಾಡುವುದು ಏನೂ ಇಲ್ಲ. ಪಕ್ಕದಲ್ಲಿ ಇರುವವರ ಹತ್ತಿರ ಒಂದು ಮಾತು ಕೇಳುವ ಅಗತ್ಯವೂ ಇಲ್ಲ. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಸರ್ಕಾರದ ಕಲಿಕಾ ಆ್ಯಪ್ ದೀಕ್ಷಾದಲ್ಲಿ ವಿಡಿಯೋ ಬರುತ್ತದಲ್ಲ, ಆ ಸೌಲಭ್ಯ ನಮಗೆ ಈಗಾಗಲೇ ಇದೆ. ಅದಕ್ಕಿಂತ ಸ್ವಲ್ಪ ಚೆಂದದ ಚಿತ್ರಕ್ಕೋಸ್ಕರ ಲಕ್ಷಗಟ್ಟಲೆ ಕೊಡಬೇಕಾ?

ಎಆರ್‌ನ ನಿಜವಾದ ಶಕ್ತಿ ಬೇರೆ ಕಡೆ ಇದೆ. ಎದುರಿಗೆ ಇರುವ ನಿಜವಾದ ಜಾಗದ ಮೇಲೆ, ಕಣ್ಣಿಗೆ ಕಾಣದ ಮಾಹಿತಿಯನ್ನು ಅದು ಸೇರಿಸುತ್ತದೆ. ಜಾಗವೇ ಇಲ್ಲದಿದ್ದರೆ ಸೇರಿಸುವುದು ಯಾವುದಕ್ಕೆ?

ಇದರಲ್ಲಿ ಎರಡು ಬಗೆ ಇದೆ, ಖರೀದಿ ಮಾಡುವವರಿಗೆ ಈ ವ್ಯತ್ಯಾಸ ಗೊತ್ತಿರಲೇಬೇಕು. ಒಂದು ಬಗೆಯಲ್ಲಿ ಫೋನಿನ ಕ್ಯಾಮೆರಾ ಎದುರಿನ ವಸ್ತುವನ್ನೋ ನೆಲವನ್ನೋ ಗುರುತಿಸಿ ಅದರ ಮೇಲೆ ಚಿತ್ರ ಕೂರಿಸುತ್ತದೆ. ಇದಕ್ಕೆ ಸ್ವಲ್ಪ ಒಳ್ಳೆಯ ಫೋನ್ ಬೇಕು, ಎಲ್ಲಾ ಆಂಡ್ರಾಯ್ಡ್ ಫೋನುಗಳಲ್ಲೂ ನಡೆಯುವುದಿಲ್ಲ. ಇನ್ನೊಂದರಲ್ಲಿ ಜಿಪಿಎಸ್ ನೋಡಿಕೊಂಡು, ನೀವು ಒಂದು ಜಾಗಕ್ಕೆ ಹೋಗಿ ನಿಂತಾಗ ಮಾತ್ರ ಫೋನು ಮಾತಾಡುತ್ತದೆ: ಒಂದು ದನಿ, ಒಂದು ಹಳೆಯ ಫೋಟೋ, ಒಂದು ಪ್ರಶ್ನೆ. ಇದಕ್ಕೆ ಸಾಧಾರಣ ಫೋನ್ ಸಾಕು. ಜಿಪಿಎಸ್‌ಗೆ ಇಂಟರ್ನೆಟ್ ಬೇಕಿಲ್ಲ, ನಕ್ಷೆ ಮತ್ತು ಆಟದ ಫೈಲುಗಳನ್ನು ಮೊದಲೇ ಇಳಿಸಿಕೊಂಡಿದ್ದರೆ ನೆಟ್‌ವರ್ಕ್ ಸಿಗದ ಊರಲ್ಲೂ ಆಡಬಹುದು. ಬಯಲಲ್ಲಿ ನಿಂತರೆ ಫೋನಿನ ಜಿಪಿಎಸ್ ಸುಮಾರು 5 ಮೀಟರ್ ಆಚೀಚೆ ಹೇಳುತ್ತದೆ, ಮರದಡಿ, ಗೋಡೆ ಪಕ್ಕ ಇನ್ನೂ ಜಾಸ್ತಿ ತಪ್ಪುತ್ತದೆ. ಕೆರೆ ಏರಿಗೆ ಅಷ್ಟು ಸಾಕು. ಗುಡಿಯ ಕಂಬದಿಂದ ಕಂಬಕ್ಕೆ ಹೋಗುವ ಆಟಕ್ಕೆ ಸಾಲದು.

ಆಟ ಅಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಪೋಕೆಮಾನ್ ಗೋ. 2016ರ ಜುಲೈನಲ್ಲಿ ಬಂತು, ಆ ವರ್ಷದ ಡಿಸೆಂಬರ್‌ನಲ್ಲಿ ಭಾರತಕ್ಕೂ ಬಂತು. ಮೊಬೈಲ್ ಹಿಡಿದವರನ್ನು ಕುರ್ಚಿಯಿಂದ ಎಬ್ಬಿಸಿ ಬೀದಿಗೆ ಇಳಿಸಿದ ಆಟ ಅದು, ಅಲ್ವಾ? ಅದರಿಂದ ನಾವು ಕಲಿಯಬೇಕಾದ್ದು ಜನ ನಡೆದರು ಅನ್ನುವುದಷ್ಟೇ ಅಲ್ಲ, ಎಷ್ಟು ದಿನ ನಡೆದರು ಅನ್ನುವುದನ್ನೂ. ಅಮೆರಿಕದ ಆಟಗಾರರ ಫೋನಿನಲ್ಲಿ ದಾಖಲಾದ ಹೆಜ್ಜೆಗಳನ್ನು ಲೆಕ್ಕ ಹಾಕಿದ ಒಂದು ಅಧ್ಯಯನ 2016ರಲ್ಲೇ ಬಿಎಂಜೆ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಮೊದಲ ವಾರ ದಿನಕ್ಕೆ ಸರಾಸರಿ 955 ಹೆಜ್ಜೆ ಜಾಸ್ತಿಯಾಗಿತ್ತು. ಆರನೇ ವಾರದ ಹೊತ್ತಿಗೆ ಆ ಸರಾಸರಿ ಮತ್ತೆ ಮೊದಲಿನಷ್ಟಕ್ಕೇ ಬಂದಿತ್ತು. ಹೊಸತನ ಒಂದನ್ನೇ ನಂಬಿಕೊಂಡರೆ ಹೀಗೇ ಆಗುತ್ತದೆ. ಎದ್ದು ನಿಲ್ಲುವ ಹೃದಯದ ಕಾರ್ಡಿಗೂ ಆರು ವಾರಕ್ಕಿಂತ ಹೆಚ್ಚು ಆಯಸ್ಸು ಇರುತ್ತದೆ ಅಂತ ನನಗೆ ಅನ್ನಿಸುವುದಿಲ್ಲ.

ಕಲಿಕೆಗಂತಲೇ ಮಾಡಿದ ಆಟಗಳು ಪೋಕೆಮಾನ್‌ಗಿಂತ ಹಳೆಯವು. ಮಾರಲು ಬಂದವರು ಇದನ್ನು ಯಾರೂ ಹೇಳಲಿಲ್ಲ, ನಾನೇ ಹುಡುಕಿ ಓದಿಕೊಂಡೆ. ಅಮೆರಿಕದ ಎಂಐಟಿಯಲ್ಲಿ ಎರಿಕ್ ಕ್ಲಾಪ್‌ಫರ್ ಮತ್ತು ಅವರ ಜೊತೆಗಾರರು 2000ದ ದಶಕದ ಶುರುವಿನಲ್ಲೇ ‘ಎನ್ವಿರಾನ್ಮೆಂಟಲ್ ಡಿಟೆಕ್ಟಿವ್ಸ್’ ಅಂತ ಒಂದು ಆಟ ಮಾಡಿದರು. ಆಗ ಈಗಿನಂಥ ಫೋನುಗಳಿರಲಿಲ್ಲ, ಅಂಗೈಯಲ್ಲಿ ಹಿಡಿಯುವ ಪಾಕೆಟ್ ಪಿಸಿಗೆ ಜಿಪಿಎಸ್ ಜೋಡಿಸಿದ್ದರು. ಕಥೆ ಇಷ್ಟೇ: ಕಾಲೇಜಿನ ಆವರಣದಲ್ಲಿ ಟಿಸಿಇ ಅನ್ನುವ ವಿಷ ರಾಸಾಯನಿಕ ಅಂತರ್ಜಲಕ್ಕೆ ಸೇರಿದೆ. ಎಲ್ಲಿಂದ ಬಂತು, ಎಷ್ಟು ಹರಡಿದೆ, ಏನು ಮಾಡಬೇಕು? ವಿದ್ಯಾರ್ಥಿಗಳು ಆವರಣದಲ್ಲಿ ನಿಜವಾಗಿಯೂ ಓಡಾಡಬೇಕು. ಒಂದು ಕಡೆ ನಿಂತರೆ ಪರದೆಯ ಮೇಲೆ ಒಬ್ಬ ತಜ್ಞ ಬಂದು ಮಾತಾಡುತ್ತಾನೆ, ಇನ್ನೊಂದು ಕಡೆ ನಿಂತು ಕಾಲ್ಪನಿಕ ಬಾವಿ ಕೊರೆದು ನೀರಿನ ಮಾದರಿ ತೆಗೆಯಬಹುದು. ಸಮಯ ಕಡಿಮೆ, ಎಲ್ಲಾ ಕಡೆ ಹೋಗಲಾಗುವುದಿಲ್ಲ. ಯಾರನ್ನು ಕೇಳಬೇಕು, ಎಲ್ಲಿ ಕೊರೆಯಬೇಕು ಅಂತ ತಂಡವೇ ಯೋಚಿಸಬೇಕು. ವಿಜ್ಞಾನಿಗಳು ದಿನಾ ಮಾಡುವ ಕೆಲಸವೇ ಅದು.

ಹಾರ್ವರ್ಡ್‌ನವರ ‘ಇಕೋಮೊಬೈಲ್’ ನನಗೆ ಇನ್ನೂ ಹತ್ತಿರದ್ದು, ಯಾಕಂದರೆ ಅದು ನಡೆದದ್ದು ಒಂದು ಕೊಳದ ದಡದಲ್ಲಿ. ಆರನೇ ತರಗತಿಯ ಮಕ್ಕಳು ಕೈಯಲ್ಲಿ ಫೋನ್ ಹಿಡಿದು ಕೊಳದ ಸುತ್ತ ನಡೆಯುತ್ತಾರೆ. ಗುರುತು ಮಾಡಿದ ಜಾಗಕ್ಕೆ ಬಂದಾಗ ಫೋನು ಹೇಳುತ್ತದೆ, ಇಲ್ಲಿ ನೀರಲ್ಲಿ ಕರಗಿರುವ ಆಮ್ಲಜನಕ ಎಷ್ಟಿದೆ ಅಳೆದು ನೋಡು. ಅಳೆಯುವುದು ನಿಜವಾದ ನೀರನ್ನು, ನಿಜವಾದ ಉಪಕರಣದಿಂದ. ಅದರ ಜೊತೆಗೆ ಕಾರ್ಬನ್ ಅಥವಾ ಆಮ್ಲಜನಕದ ಒಂದು ಪರಮಾಣುವನ್ನು ಹಿಂಬಾಲಿಸಿಕೊಂಡು ಹೋಗುವ ಭಾಗವೂ ಇತ್ತು. ದ್ಯುತಿಸಂಶ್ಲೇಷಣೆ, ಉಸಿರಾಟ, ಕೊಳೆಯುವಿಕೆ ಅಂತ ನಾನು ಬೋರ್ಡಿನ ಮೇಲೆ ಬಾಣ ಹಾಕಿ ಹಾಕಿ ತೋರಿಸುತ್ತೇನಲ್ಲ, ಆ ಬಾಣಗಳನ್ನು ಮಕ್ಕಳು ಕೊಳದ ಪಕ್ಕ ನಡೆದುಕೊಂಡೇ ನೋಡಿದರು.

ಇತಿಹಾಸದಲ್ಲೂ ಇಂಥವು ಇವೆ. ಅಮೆರಿಕದ ಸ್ವಾತಂತ್ರ್ಯ ಯುದ್ಧ ಶುರುವಾದ ಲೆಕ್ಸಿಂಗ್ಟನ್‌ನಲ್ಲಿ 1775ರ ಏಪ್ರಿಲ್ 19ರಂದು ಮೊದಲ ಗುಂಡು ಹೊಡೆದದ್ದು ಯಾರು ಅನ್ನುವುದು ಇವತ್ತಿಗೂ ತೀರ್ಮಾನವಾಗಿಲ್ಲ. ಕ್ಯಾರೆನ್ ಶ್ರಿಯರ್ ಅವರು ಮಾಡಿದ ಆಟದಲ್ಲಿ ಮಕ್ಕಳು ಅದೇ ಬಯಲಿಗೆ ಹೋಗುತ್ತಾರೆ. ಒಬ್ಬರು ಅಲ್ಲಿನ ಸ್ಥಳೀಯ ಪಡೆಯವರು, ಒಬ್ಬರು ಬ್ರಿಟಿಷ್ ಸೈನಿಕ, ಒಬ್ಬರು ರಾಜನ ಪರ ಇದ್ದ ಹೆಂಗಸು, ಒಬ್ಬರು ಗುಲಾಮನಾಗಿದ್ದು ಹೋರಾಡಿದ ಕಪ್ಪು ಮನುಷ್ಯ. ಒಂದೇ ಜಾಗದಲ್ಲಿ ನಿಂತರೂ ನಾಲ್ಕು ಜನಕ್ಕೆ ಸಿಗುವ ಸಾಕ್ಷ್ಯ ಬೇರೆ ಬೇರೆ. ಒಟ್ಟಿಗೆ ಕೂತು ಮಾತಾಡದೆ ಉತ್ತರ ಸಿಗುವುದೇ ಇಲ್ಲ.

ಇದೆಲ್ಲ ಓದಿ ಎಆರ್ ಎಲ್ಲವನ್ನೂ ಸರಿ ಮಾಡಿಬಿಡುತ್ತದೆ ಅಂತ ನಾನು ಹೇಳುತ್ತಿಲ್ಲ. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಮಧ್ಯಕಾಲದ ನಗರದ ಬಗ್ಗೆ ‘ಫ್ರೀಕ್ವೆನ್ಸಿ 1550’ ಅನ್ನುವ ಮೊಬೈಲ್ ಆಟ ಮಾಡಿದ್ದರು. ಅದನ್ನು ಆಡಿದ ತರಗತಿಗಳನ್ನೂ ಮಾಮೂಲಿ ಪಾಠ ಕೇಳಿದ ತರಗತಿಗಳನ್ನೂ ಹೋಲಿಸಿ ನೋಡಿದರು, ಒಟ್ಟು 458 ಮಕ್ಕಳು. ಆಡಿದವರಿಗೆ ಆ ಕಾಲದ ನಗರದ ಬಗ್ಗೆ ಹೆಚ್ಚು ಗೊತ್ತಾಗಿತ್ತು. ಆದರೆ ಇತಿಹಾಸ ವಿಷಯದ ಮೇಲಿನ ಆಸಕ್ತಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹಾರ್ವರ್ಡ್‌ನವರ ಇನ್ನೊಂದು ಆಟದಲ್ಲಿ ಫೋನು, ನಕ್ಷೆ, ಲೆಕ್ಕ, ಕಥೆ ಎಲ್ಲಾ ಒಟ್ಟಿಗೆ ಬಂದು ಮಕ್ಕಳಿಗೆ ತಲೆಭಾರವಾಯಿತು ಅಂತ ಮಾಡಿದವರೇ ಬರೆದಿದ್ದಾರೆ. ಇಲಾಖೆಗೆ ಇದನ್ನೆಲ್ಲ ಯಾಕೆ ಹೇಳುತ್ತೇನೆ ಅಂದರೆ, ಕಿಟ್ ಮಾರುವವರು “ಮಕ್ಕಳಿಗೆ ಆಸಕ್ತಿ ಬರುತ್ತದೆ” ಅನ್ನುವ ಒಂದೇ ಮಾತಿನ ಮೇಲೆ ಮಾರುತ್ತಿದ್ದಾರೆ. ನೀವು ಅವರನ್ನು ಕೇಳಬೇಕಾದ್ದು ಬೇರೆ: ಈ ಆಟದಲ್ಲಿ ಮಗು ಏನನ್ನು ಕಂಡುಹಿಡಿಯಬೇಕು? ಯಾರ ಜೊತೆ ಮಾತಾಡಬೇಕು? ಯಾವ ಜಾಗಕ್ಕೆ ಹೋಗಬೇಕು?

ಈಗ ನಮ್ಮ ಜಿಲ್ಲೆಗೆ ಬರುತ್ತೇನೆ. ಕೋಲಾರದಲ್ಲಿ ವರ್ಷಪೂರ್ತಿ ಹರಿಯುವ ನದಿ ಇಲ್ಲ. ನಮ್ಮ ಬದುಕು ಕೆರೆಗಳ ಮೇಲೆ, ಆಮೇಲೆ ಕೊಳವೆಬಾವಿಗಳ ಮೇಲೆ. ಬಾವಿಗಳು ಸಾವಿರ ಅಡಿ ದಾಟಿದವು, ಬಂದ ನೀರಲ್ಲಿ ಫ್ಲೋರೈಡ್. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು ನಮ್ಮ ಕೆರೆಗಳಿಗೆ ಬಂತು. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತದಲ್ಲಿ ಶುದ್ಧೀಕರಿಸಿ, ದಿನಕ್ಕೆ 440 ದಶಲಕ್ಷ ಲೀಟರ್ ಪಂಪ್ ಮಾಡುವ ಯೋಜನೆ. ಒಣಗಿದ್ದ ಕೆರೆ ತುಂಬಿದಾಗ ಜನ ಬಾಗಿನ ಕೊಟ್ಟರು. ಇನ್ನು ಕೆಲವರು ಈ ನೀರಲ್ಲಿ ಏನಿದೆಯೋ ಅಂತ ಹೆದರಿದರು, ವಿಷಯ ಹೈಕೋರ್ಟ್‌ವರೆಗೂ ಹೋಯಿತು. ಮೂರನೇ ಹಂತದ ಶುದ್ಧೀಕರಣ ಆಗಲೇಬೇಕು ಅನ್ನುವ ಕೂಗು ನಮ್ಮ ಕಡೆ ಜೋರಾಗಿದೆ. ನನ್ನ ತರಗತಿಯ ಮಕ್ಕಳು ಇದನ್ನೆಲ್ಲ ಮನೆಯಲ್ಲಿ, ಹಾಲಿನ ಡೈರಿಯ ಹತ್ತಿರ, ಟೊಮೆಟೊ ಮಂಡಿಯಲ್ಲಿ ಕೇಳುತ್ತಲೇ ಬೆಳೆಯುತ್ತಿದ್ದಾರೆ. ಎಂಐಟಿಯವರು ಆಟಕ್ಕೋಸ್ಕರ ಅಂತರ್ಜಲದ ಒಂದು ಕಥೆ ಕಟ್ಟಬೇಕಾಯಿತು. ನಮ್ಮ ಮಕ್ಕಳಿಗೆ ಕಥೆ ಕಟ್ಟುವ ಅಗತ್ಯವೇ ಇಲ್ಲ, ಪ್ರಶ್ನೆ ಅವರ ಮನೆಯ ನಲ್ಲಿಯಲ್ಲೇ ಇದೆ.

ಈ ಯೋಚನೆ ಇಟ್ಟುಕೊಂಡು ನಾವು ನಮ್ಮ ಊರಿನ ಕೆರೆಯಲ್ಲಿ ಒಂದು ಸಣ್ಣ ಆಟ ಮಾಡಿ ನೋಡಿದೆವು. ಜಿಪಿಎಸ್ ಆಟ ತಯಾರಿಸುವಷ್ಟು ಸಮಯ ಇರಲಿಲ್ಲ. ಕ್ಯೂಆರ್ ಹಾಳೆಗಳನ್ನು ಲ್ಯಾಮಿನೇಟ್ ಮಾಡಿಸಿ ತೂಬಿನ ಹತ್ತಿರ, ಕೋಡಿಯ ಹತ್ತಿರ, ಏರಿ ಮೇಲಿನ ಮರಕ್ಕೆ, ಅಚ್ಚುಕಟ್ಟಿನ ಕೊನೆಯ ಗದ್ದೆಯ ಬದುವಿನಲ್ಲಿ ಕಟ್ಟಿದೆವು. ಆಡಿಯೋ ಫೈಲುಗಳನ್ನು ಮೊದಲೇ ಫೋನಿಗೆ ಹಾಕಿದ್ದೆವು, ಹಾಳೆ ಸ್ಕ್ಯಾನ್ ಮಾಡಿದರೆ ಯಾವುದನ್ನು ಕೇಳಬೇಕು ಅಂತ ಬರುತ್ತಿತ್ತು. ನೆಟ್ ಬೇಕಾಗಲಿಲ್ಲ. ಮೂರು ಮಕ್ಕಳಿಗೆ ಒಂದು ಫೋನು. ಒಬ್ಬರು ಕೆರೆಯ ನೀರು ಬಿಡುವ ನೀರಗಂಟಿ, ಒಬ್ಬರು ತೂಬಿನ ಪಕ್ಕದ ಗದ್ದೆಯವರು, ಒಬ್ಬರು ಕೊನೆಯ ಗದ್ದೆಯವರು. ಪ್ರಶ್ನೆ ಒಂದೇ: ಕೆರೆ ತುಂಬಿದೆ, ತೂಬು ಮುಚ್ಚಿದೆ, ಗದ್ದೆ ಒಣಗಿದೆ, ಯಾಕೆ?

ಹೊರಗಿನವರಿಗೆ ಇದು ವಿಚಿತ್ರ ಅನ್ನಿಸಬಹುದು. ಯೋಜನೆಯ ನೀರನ್ನು ನೇರವಾಗಿ ಹೊಲಕ್ಕೆ ಬಿಡಬಾರದು, ಅದು ಇಂಗಿ ಅಂತರ್ಜಲ ಸೇರಬೇಕು ಅನ್ನುವುದು ನಿಯಮ. ದೊಡ್ಡವರೇ ಇದರ ಬಗ್ಗೆ ಜಗಳ ಆಡುತ್ತಾರೆ. ನೀರು ಬಿಡುವ ಕೆಲಸವನ್ನು ತಲೆಮಾರುಗಳಿಂದ ಮಾಡಿಕೊಂಡು ಬಂದ ಮನೆಯ ಅಜ್ಜ ಒಬ್ಬರು ತಮ್ಮ ದನಿಯಲ್ಲೇ ರೆಕಾರ್ಡ್ ಮಾಡಿಕೊಟ್ಟರು, ಹಿಂದೆ ತೂಬು ಯಾವಾಗ ಎತ್ತುತ್ತಿದ್ದರು, ಕೊನೆಯ ಗದ್ದೆಗೆ ಮೊದಲು ನೀರು ಬಿಡುವ ಸರದಿ ಯಾಕಿತ್ತು ಅಂತ. ಅರ್ಧ ಕನ್ನಡ, ಅರ್ಧ ತೆಲುಗು. ನಮ್ಮ ಕಡೆ ಎಷ್ಟೋ ಮಕ್ಕಳ ಮನೆ ಮಾತು ತೆಲುಗು, ತರಗತಿಯಲ್ಲಿ ಬಾಯಿ ಬಿಡದ ಮಕ್ಕಳು ಅವತ್ತು ಉಳಿದವರಿಗೆ ಅರ್ಥ ಹೇಳಿಕೊಟ್ಟರು. ಒಬ್ಬ ಹುಡುಗಿ ಕೇಳಿದ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ: “ಮಿಸ್, ಈ ನೀರು ಹೊಲಕ್ಕೆ ಬೇಡ ಅಂದ್ರೆ ನಮ್ಮ ಬಾವಿಗೆ ಹೇಗೆ ಒಳ್ಳೇದು?” ಮಣ್ಣಿನಲ್ಲಿ ಇಳಿಯುವಾಗ ಯಾವುದು ಸೋಸುತ್ತದೆ, ಯಾವುದು ಸೋಸುವುದಿಲ್ಲ ಅಂತ ಮುಂದಿನ ವಾರವೆಲ್ಲಾ ಅದೇ ಪಾಠ ನಡೆಯಿತು. ಮರಳು, ಜಲ್ಲಿ, ಬಾಟಲಿ ಎಲ್ಲಾ ತಂದು ಸೋಸಿ ನೋಡಿದೆವು. ಕಣ್ಣಿಗೆ ಕಾಣುವ ಕೊಳೆ ನಿಲ್ಲುತ್ತದೆ, ಕರಗಿದ ಉಪ್ಪು ನಿಲ್ಲುವುದಿಲ್ಲ ಅಂತ ಅವರೇ ಕಂಡುಕೊಂಡರು.

ಅಳತೆಗೂ ದೊಡ್ಡ ಖರ್ಚಿಲ್ಲ. ಹಳೆಯ ತಟ್ಟೆಗೆ ಕಪ್ಪು ಬಿಳುಪು ಬಣ್ಣ ಬಳಿದು, ದಾರ ಕಟ್ಟಿ ಇಳಿಬಿಟ್ಟರೆ ಎಷ್ಟು ಆಳದವರೆಗೆ ಕಾಣುತ್ತದೆ ಅಂತ ನೋಡಿ ನೀರಿನ ಕದಡು ಅಳೆಯಬಹುದು. ವಿಜ್ಞಾನಿಗಳೂ ಇದೇ ಬಗೆಯ ತಟ್ಟೆ ಬಳಸುತ್ತಾರೆ. ಪಾಚಿ ಬೆಳೆದ ಕೆರೆಯಲ್ಲಿ ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಬಿಸಿಲು ಏರಿದ ಮೇಲೆ ಒಂದು ಸಲ, ನೀರು ಆಮ್ಲವೋ ಕ್ಷಾರವೋ ಅಂತ ಹೇಳುವ ಪಿಎಚ್ ನೋಡಿದರೆ ಮಧ್ಯಾಹ್ನ ಜಾಸ್ತಿ ಇರುತ್ತದೆ. ಯಾಕಂದರೆ ಬಿಸಿಲಲ್ಲಿ ಪಾಚಿ ನೀರಿನ ಇಂಗಾಲದ ಡೈಆಕ್ಸೈಡನ್ನು ಎಳೆದುಕೊಳ್ಳುತ್ತದೆ. ಆಮ್ಲಜನಕವೂ ಮಧ್ಯಾಹ್ನ ಹೆಚ್ಚು, ಬೆಳಗಿನ ಜಾವ ಕಡಿಮೆ. ಮೀನು ಬೆಳಗಿನ ಹೊತ್ತು ಬಾಯಿ ಮೇಲೆತ್ತಿ ಒದ್ದಾಡುವುದನ್ನು ಮೀನು ಹಿಡಿಯುವವರ ಮನೆಯ ಮಕ್ಕಳು ನೋಡಿರುತ್ತಾರೆ, ಕಾರಣ ಮಾತ್ರ ಗೊತ್ತಿರುವುದಿಲ್ಲ. ಎಆರ್ ಅಲ್ಲಿ ಬರಬೇಕು. ಮಗು ಅಳೆದ ಮೇಲೆ ಫೋನು ಎತ್ತಿ ಹಿಡಿದರೆ, ಅದೇ ನೀರಿನ ಮೇಲೆ ಆ ಅಣುಗಳು ಹೋಗಿ ಬರುವ ದಾರಿ ಕಾಣಲಿ. ಮೊದಲು ಕೈ, ಆಮೇಲೆ ಪರದೆ.

ಎಲ್ಲಾ ಊರಲ್ಲೂ ಕೆ.ಸಿ. ವ್ಯಾಲಿ ಇರುವುದಿಲ್ಲ, ನಿಜ. ಆದರೆ ವೀರಗಲ್ಲೋ ಶಾಸನವೋ ಇಲ್ಲದ ಊರು ನಮ್ಮ ರಾಜ್ಯದಲ್ಲಿ ಹುಡುಕಿದರೆ ಸಿಗಬಹುದೇನೋ. ಬೇಗೂರಿನಲ್ಲಿ ಸುಮಾರು ಕ್ರಿ.ಶ. 890ರ ಕಲ್ಲಿನ ಮೇಲೆ ಬೆಂಗಳೂರಿನ ಕಾಳಗದ ಮಾತಿದೆ. ಹೆಬ್ಬಾಳದಲ್ಲಿ 2018ರಲ್ಲಿ ಸಿಕ್ಕ ಕಿತ್ತಯ್ಯನ ಕಲ್ಲು ಇನ್ನೂ ಹಳೆಯದು, ಕ್ರಿ.ಶ. 750ರ ಸುಮಾರಿನದು. ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಇಂಥ ಕಲ್ಲುಗಳನ್ನು 3ಡಿ ಸ್ಕ್ಯಾನ್ ಮಾಡಿ ಉಳಿಸುತ್ತಿದ್ದಾರೆ. ಸವೆದು ಹೋಗಿ ಬರಿಗಣ್ಣಿಗೆ ಕಾಣದ ಅಕ್ಷರ ಸ್ಕ್ಯಾನ್‌ನಲ್ಲಿ ಎದ್ದು ಬರುತ್ತದೆ. ಎಆರ್‌ಗೆ ಇದಕ್ಕಿಂತ ಒಳ್ಳೆಯ ಕೆಲಸ ಬೇಕಾ? ಮಗು ಕಲ್ಲಿನ ಮುಂದೆ ನಿಂತು ಫೋನು ಹಿಡಿಯುತ್ತದೆ, ಕಲ್ಲಿನ ಮೇಲೆ ಮರೆಯಾದ ಅಕ್ಷರ ಬೆಳಗುತ್ತದೆ, ಒಂದೊಂದೇ ಅಕ್ಷರವನ್ನು ಈಗಿನ ಕನ್ನಡದ ಅಕ್ಷರಕ್ಕೆ ಹೊಂದಿಸುತ್ತಾ ಹೋಗುತ್ತದೆ. ವೀರಗಲ್ಲಾದರೆ ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ಅಪ್ಸರೆಯರು, ಮೇಲೆ ಶಿವನ ಸನ್ನಿಧಿ. ಅದನ್ನು ಕೆಳಗಿನಿಂದ ಮೇಲಕ್ಕೆ ಓದುವುದನ್ನು ಹತ್ತು ನಿಮಿಷದಲ್ಲಿ ಕಲಿಯಬಹುದು. ನಮ್ಮ ಜಿಲ್ಲೆಯಲ್ಲೇ ಹಳೆಯ ಗುಡಿಗಳ ಊರು ಆವನಿ ಇದೆ, ಕೋಲಾರಮ್ಮನ ಗುಡಿಯ ಗೋಡೆ ತುಂಬಾ ಚೋಳರ ಕಾಲದ ತಮಿಳು ಶಾಸನಗಳಿವೆ. ಆ ಗೋಡೆಗೆ ಒರಗಿಕೊಂಡು ಕೂತ ಎಷ್ಟೋ ಮಕ್ಕಳಿಗೆ ಅದು ಬರಹ ಅಂತಲೂ ಗೊತ್ತಿಲ್ಲ, ಇದು ನನಗೆ ತುಂಬಾ ಬೇಜಾರಿನ ವಿಷಯ.

ಗುಡಿ, ದರ್ಗಾ, ಸ್ಮಶಾನಗಳ ಬಗ್ಗೆ ಒಂದು ಎಚ್ಚರಿಕೆ ಬೇಕು. ಪೋಕೆಮಾನ್ ಬಂದಾಗ, ನಾಜಿಗಳ ಸಾವಿನ ಶಿಬಿರವಾಗಿದ್ದ ಆಶ್ವಿಟ್ಜ್‌ನ ಸ್ಮಾರಕದವರು ದಯವಿಟ್ಟು ಇಲ್ಲಿ ಆಡಬೇಡಿ ಅಂತ ಕೇಳಿಕೊಳ್ಳಬೇಕಾಯಿತು. ನಮ್ಮ ದೇಶದಲ್ಲೂ ದೇವಸ್ಥಾನದೊಳಗೆ ಆಟದ ಮೊಟ್ಟೆ ತೋರಿಸುತ್ತಾರೆ ಅಂತ 2016ರಲ್ಲಿ ಗುಜರಾತ್ ಹೈಕೋರ್ಟಿಗೆ ಅರ್ಜಿ ಹೋಗಿತ್ತು. ಎಲ್ಲೋ ದೂರ ಕೂತವರು ಊರಿನವರನ್ನು ಕೇಳದೆ ಜಾಗ ಗುರುತು ಮಾಡಿದರೆ ಹೀಗಾಗುತ್ತದೆ. ಊರಿನ ಶಾಲೆಯೇ, ಪೋಷಕರಿರುವ ಶಾಲಾ ಸಮಿತಿ ಎಸ್‌ಡಿಎಂಸಿಯನ್ನು ಕೂರಿಸಿಕೊಂಡು, ಯಾವ ಜಾಗ ಸರಿ ಯಾವುದು ಬೇಡ ಅಂತ ತೀರ್ಮಾನಿಸಿದರೆ ಈ ತೊಂದರೆ ಬರುವುದಿಲ್ಲ. ಆಟ ಬೆಂಗಳೂರಿನಲ್ಲಿ ತಯಾರಾಗಿ ಬರಬಾರದು ಅಂತ ನಾನು ಹೇಳುವುದಕ್ಕೆ ಇದೂ ಒಂದು ಕಾರಣ.

ಹಾಗಾದರೆ ಯಾರು ತಯಾರಿಸಬೇಕು? ನಾವೇ. ಮಕ್ಕಳೇ. ಎಂಐಟಿಯ ಅದೇ ತಂಡ ಆಮೇಲೆ ‘ಟೇಲ್‌ಬ್ಲೇಜರ್’ ಅಂತ ಒಂದು ಸಾಧನ ಮಾಡಿತು, ಬಣ್ಣದ ಬ್ಲಾಕುಗಳನ್ನು ಜೋಡಿಸಿ ಜಾಗಕ್ಕೆ ತಕ್ಕ ಆಟ ಕಟ್ಟಬಹುದು, ಕೋಡಿಂಗ್ ಬರಬೇಕಿಲ್ಲ. ಹೀಗೇ ಬ್ಲಾಕು ಜೋಡಿಸಿ ಪ್ರೋಗ್ರಾಂ ಕಲಿಸುವ ಸ್ಕ್ರ್ಯಾಚ್ ನೋಡಿದ ಮಕ್ಕಳಿಗೆ ಸುಲಭ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದವರು ‘ಏರಿಸ್’ ಅಂತ ಇಂಥದ್ದೇ ಒಂದನ್ನು ಎಲ್ಲರಿಗೂ ಮುಕ್ತವಾಗಿ ಕೊಟ್ಟಿದ್ದರು. ನಮ್ಮ ಇಲಾಖೆ ಕನ್ನಡದಲ್ಲಿ, ಸಾಧಾರಣ ಫೋನಿನಲ್ಲಿ, ನೆಟ್ ಇಲ್ಲದೆ ನಡೆಯುವ ಇಂಥ ಒಂದು ಸಾಧನ ಮಾಡಿಸಿ, ಅದನ್ನು ಮುಕ್ತವಾಗಿ ಬಿಟ್ಟರೆ ಅದೇ ದೊಡ್ಡ ಕೊಡುಗೆ. ಒಂದು ಶಾಲೆಯವರು ಮಾಡಿದ ಆಟವನ್ನು ದೀಕ್ಷಾದಲ್ಲಿ ಹಾಕಲಿ, ಇನ್ನೊಂದು ಶಾಲೆಯವರು ತಮ್ಮ ಕೆರೆಗೆ ಬೇಕಾದ ಹಾಗೆ ಬದಲಾಯಿಸಿಕೊಳ್ಳಲಿ. ಒಂಬತ್ತನೇ ತರಗತಿಯವರು ಏಳನೇ ತರಗತಿಯವರಿಗಾಗಿ ಆಟ ಕಟ್ಟಲಿ. ಕಟ್ಟುವವರು ಆಡುವವರಿಗಿಂತ ಜಾಸ್ತಿ ಕಲಿಯುತ್ತಾರೆ, ಇದನ್ನು ನಮ್ಮ ಕೆರೆ ಆಟದಲ್ಲೇ ನೋಡಿದೆ. ಅಜ್ಜನ ದನಿ ರೆಕಾರ್ಡ್ ಮಾಡಲು ಹೋದ ಮಕ್ಕಳು ಅವರನ್ನು ಕೇಳಿದ ಪ್ರಶ್ನೆಗಳು ನನ್ನ ಪ್ರಶ್ನೆಪತ್ರಿಕೆಯಲ್ಲಿ ಯಾವತ್ತೂ ಇರಲಿಲ್ಲ.

ಫೋನಿನ ವಿಷಯ. ಶಾಲೆಗೆ ಮೊಬೈಲ್ ತರಬಾರದು ಅನ್ನುವ ನಿಯಮವನ್ನು ನಾನು ಒಪ್ಪುತ್ತೇನೆ, ಅದನ್ನು ಬದಲಾಯಿಸಿ ಅಂತ ಕೇಳುತ್ತಿಲ್ಲ. ಮಕ್ಕಳ ಸ್ವಂತ ಫೋನು ನಂಬಿ ಆಟ ಮಾಡಿದರೆ ಹೆಣ್ಣುಮಕ್ಕಳು ಹಿಂದೆ ಬೀಳುತ್ತಾರೆ. ಹಳ್ಳಿ ಮಕ್ಕಳ ಕಲಿಕೆಯ ಸಮೀಕ್ಷೆಯಾದ ಅಸರ್‌ನ 2023ರ ವರದಿ ನೋಡಿ: ಹಳ್ಳಿಗಳ 14ರಿಂದ 18 ವರ್ಷದವರಲ್ಲಿ, ಸ್ಮಾರ್ಟ್‌ಫೋನ್ ಬಳಸಲು ಬರುವ ಹುಡುಗರಲ್ಲಿ 43.7% ಜನಕ್ಕೆ ಸ್ವಂತ ಫೋನಿದೆ, ಹುಡುಗಿಯರಲ್ಲಿ 19.8% ಮಾತ್ರ. ಅದಕ್ಕೇ ಫೋನು ಶಾಲೆಯದ್ದಾಗಿರಲಿ. ಒಂದು ಶಾಲೆಗೆ ಒಂದು ಎಆರ್ ಲ್ಯಾಬ್ ಕೊಡುವ ದುಡ್ಡಿನಲ್ಲಿ ಅಕ್ಕಪಕ್ಕದ ಶಾಲೆಗಳ ಒಂದು ಕ್ಲಸ್ಟರಿಗೆ ಒಂದು ಪೆಟ್ಟಿಗೆ ಸಾಧಾರಣ ಫೋನುಗಳನ್ನು ಕೊಡಿ, ಸಿಮ್ ಇಲ್ಲದೆ. ಕ್ಲಸ್ಟರ್ ನೋಡಿಕೊಳ್ಳುವ ಸಿಆರ್‌ಪಿ ಹತ್ತಿರ ಇರಲಿ, ಸರದಿಯ ಮೇಲೆ ಶಾಲೆಗಳು ಬಳಸಲಿ. ತಂಡದಲ್ಲಿ ಫೋನು ಹಿಡಿಯುವವರು ಪ್ರತಿ ನಿಲ್ದಾಣದಲ್ಲಿ ಬದಲಾಗಬೇಕು ಅನ್ನುವುದನ್ನು ಆಟದ ನಿಯಮದಲ್ಲೇ ಬರೆಯಿರಿ. ಇಲ್ಲದಿದ್ದರೆ ಕೊನೆಯವರೆಗೂ ಒಬ್ಬ ಹುಡುಗನ ಕೈಯಲ್ಲೇ ಇರುತ್ತದೆ, ಉಳಿದವರು ಅವನ ಹೆಗಲ ಮೇಲಿಂದ ಇಣುಕುತ್ತಾರೆ. ಬಿಸಿಲಲ್ಲಿ ಪರದೆ ಕಾಣುವುದಿಲ್ಲ, ಹಾಗಾಗಿ ಓದುವುದು ಕಡಿಮೆ, ಕೇಳುವುದು ಜಾಸ್ತಿ ಇರಲಿ. ನೀರಿನ ಹತ್ತಿರ ಯಾರೂ ಪರದೆ ನೋಡುತ್ತಾ ನಡೆಯಬಾರದು. ನಿಂತ ಮೇಲೆ ಫೋನು, ನಡೆಯುವಾಗ ಜೇಬಿಗೆ. ಕೆರೆಯ ನೀರಿಗೆ ಇಳಿಯುವುದಂತೂ ಬೇಡವೇ ಬೇಡ, ಮಾದರಿ ತೆಗೆಯುವುದು ಶಿಕ್ಷಕರೇ.

ಮತ್ತೆ, ಮಕ್ಕಳು ಎಲ್ಲಿ ನಡೆದರು ಅನ್ನುವ ಮಾಹಿತಿ ಯಾರ ಹತ್ತಿರ ಹೋಗುತ್ತದೆ? ಪೋಕೆಮಾನ್ ಗೋ ಮಾಡಿದ ನಿಯಾಂಟಿಕ್, ಆಟಗಾರರು ಸ್ಕ್ಯಾನ್ ಮಾಡಿ ಕಳಿಸಿದ ಜಾಗಗಳ ಚಿತ್ರಗಳನ್ನೂ ಬಳಸಿಕೊಂಡು ಜಗತ್ತಿನ ಜಾಗಗಳನ್ನು ಗುರುತಿಸುವ ದೊಡ್ಡ ಎಐ ಮಾದರಿ ಕಟ್ಟುತ್ತಿದ್ದೇವೆ ಅಂತ 2024ರ ನವೆಂಬರ್‌ನಲ್ಲಿ ಹೇಳಿತು. ಮುಂದಿನ ವರ್ಷ ತನ್ನ ಆಟಗಳನ್ನೇ ಇನ್ನೊಂದು ಕಂಪನಿಗೆ ಮಾರಿತು. ಆಡುವವರು ಸುಮ್ನೆ ಆಟ ಅಂದುಕೊಂಡಿರುತ್ತಾರೆ. ನಮ್ಮ 2023ರ ಡಿಜಿಟಲ್ ವೈಯಕ್ತಿಕ ಡೇಟಾ ಕಾಯ್ದೆಯಲ್ಲಿ 18 ವರ್ಷದೊಳಗಿನವರೆಲ್ಲಾ ಮಕ್ಕಳೇ. ಅವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕು ಅನ್ನುವುದು ಅದರ ಮೂಲ ಮಾತು. ಶಾಲೆಯ ಆಟಕ್ಕೆ ಅದಕ್ಕಿಂತ ಬಿಗಿಯಾದ ನಿಯಮ ಇರಲಿ: ಮಗುವಿನ ಹೆಸರು, ಮುಖ, ನಡೆದ ದಾರಿ ಯಾವುದೂ ಫೋನಿನಿಂದ ಆಚೆ ಹೋಗಬಾರದು. ಟೆಂಡರ್ ಕರೆಯುವಾಗಲೇ ಬರೆದುಬಿಡಿ, ಆಮೇಲೆ ಸೇರಿಸಲಾಗುವುದಿಲ್ಲ.

ಇನ್ನು ನಮ್ಮ ಕಷ್ಟ, ಅಂದರೆ ಶಿಕ್ಷಕರದ್ದು. ಇದನ್ನು ಒಂದು ಕಾರ್ಯಕ್ರಮ ಅಂತ ಘೋಷಿಸಿ, ಪ್ರತಿ ಶಾಲೆಯಿಂದ ಇಷ್ಟು ಆಟ, ಇಷ್ಟು ಫೋಟೋ, ಇಷ್ಟು ದಿನದೊಳಗೆ ಅಪ್‌ಲೋಡ್ ಮಾಡಿ ಅಂತ ಸುತ್ತೋಲೆ ಬಂದರೆ ಅವತ್ತೇ ಇದು ಸತ್ತುಹೋಗುತ್ತದೆ. ಮಕ್ಕಳ ದಾಖಲೆ ತುಂಬುವ ಸ್ಯಾಟ್ಸ್ ಎಂಟ್ರಿ, ಬಿಸಿಯೂಟದ ಲೆಕ್ಕ, ಸಮೀಕ್ಷೆ ಇವುಗಳ ನಡುವೆ ನಮಗೆ ಬೇಕಾಗಿರುವುದು ಇನ್ನೊಂದು ಪೋರ್ಟಲ್ ಅಲ್ಲ, ಅರ್ಧ ದಿನದ ಬಿಡುವು. ಈಗ ಮಕ್ಕಳನ್ನು ಕೆರೆಗೆ ಕರೆದುಕೊಂಡು ಹೋಗಬೇಕಾದರೆ ಅನುಮತಿಗೆ ಓಡಾಡಬೇಕು, ಏನಾದರೂ ಆದರೆ ಶಿಕ್ಷಕರ ತಲೆಗೇ ಬರುತ್ತದೆ. ಅದಕ್ಕೇ ಎಷ್ಟೋ ಜನ ಗೇಟು ದಾಟುವುದೇ ಇಲ್ಲ, ಅವರನ್ನು ನಾನು ದೂರುವುದಿಲ್ಲ. ಬ್ಯಾಗ್ ಇಲ್ಲದ ಸಂಭ್ರಮ ಶನಿವಾರ ಅಂತ ಇಲಾಖೆಯೇ ಮಾಡಿದ ದಿನ ಇದೆಯಲ್ಲ, ಆ ದಿನ ಶಾಲೆಯಿಂದ ನಡೆದು ಹೋಗುವಷ್ಟು ದೂರದ ಜಾಗಕ್ಕೆ ಮುಖ್ಯ ಶಿಕ್ಷಕರ ಮಟ್ಟದಲ್ಲೇ ಅನುಮತಿ ಸಾಕು ಅಂತ ಒಂದು ಆದೇಶ ಮಾಡಿ. ಪ್ರತಿ ಇಷ್ಟು ಮಕ್ಕಳಿಗೆ ಒಬ್ಬರು ದೊಡ್ಡವರು ಇರಬೇಕು ಅಂತ ಅದರಲ್ಲೇ ಹೇಳಿ. ಊರಿನ ಹಿರಿಯರು, ಸ್ವಸಹಾಯ ಸಂಘದ ಅಕ್ಕಂದಿರು ಬರುತ್ತಾರೆ, ನಮ್ಮ ಕೆರೆಗೆ ಬಂದಿದ್ದರು. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ, ಆದರೆ ಫೋನಿನ ಪೆಟ್ಟಿಗೆಗಿಂತ ಮೊದಲು ಬೇಕಾದ್ದು ಇದೇ.

ಎಲ್ಲಾ ಜಿಲ್ಲೆಯಲ್ಲೂ ಒಂದೇ ಸಲ ಬೇಡ. ಒಂದು ತಾಲ್ಲೂಕು ಸಾಕು, ನಮ್ಮದೇ ಆದರೂ ಸರಿ. ಆಡಿದ ಶಾಲೆ ಆಡದ ಶಾಲೆ ಎರಡನ್ನೂ ಹೋಲಿಸಿ, ಆರು ವಾರ ಕಳೆದ ಮೇಲೆ ಮಕ್ಕಳಿಗೆ ಏನು ಉಳಿದಿದೆ ಅಂತ ನೋಡಿ, ಬಂದದ್ದನ್ನು ಎಲ್ಲರಿಗೂ ಕಾಣುವ ಹಾಗೆ ಪ್ರಕಟಿಸಿ. ಸರಿ ಬರದಿದ್ದರೆ ನಿಲ್ಲಿಸಿ. ಶುರು ಮಾಡುವುದಾದರೆ ಬೇಸಿಗೆಗೆ ಮುಂದೂಡಬೇಡಿ. ಮಳೆಗಾಲ ಮುಗಿದು ಕೆರೆಯಲ್ಲಿ ನೀರಿರುವ ನವೆಂಬರ್ ಹೊತ್ತಿಗೆ ಮಕ್ಕಳು ಏರಿ ಮೇಲೆ ಇರಬೇಕು, ಅದಕ್ಕೆ ಅನುಮತಿಯ ಆದೇಶ ಆಗಸ್ಟಿನೊಳಗೆ ಬಿಇಒ ಕಚೇರಿಗಳಿಗೆ ತಲುಪಬೇಕು. ನಮ್ಮ ಕೆರೆಯ ಆಟದ ಆಡಿಯೋ, ಕ್ಯೂಆರ್ ಹಾಳೆ, ಪ್ರಶ್ನೆಗಳು ಎಲ್ಲವನ್ನೂ ಯಾವ ಶಾಲೆ ಕೇಳಿದರೂ ಹಾಗೇ ಕೊಡುತ್ತೇವೆ.

ಇಂತಿ,
ಕೋಲಾರ ಜಿಲ್ಲೆಯ ಒಬ್ಬ ವಿಜ್ಞಾನ ಶಿಕ್ಷಕಿ